ಶೂಲಕ್ಕೇರಿದ ಋಷಿಯ ತಕರಾರು

ನಿರಪರಾಧಿಗಳಿಗೆ ನೋವು ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಧರ್ಮಗಳು ಕೊಟ್ಟಿರುವ ಉತ್ತರಗಳನ್ನು ಪರಿಶೀಲಿಸುವಾಗ, ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿರುವುದನ್ನು ಮೊದಲು ಗಮನಿಸಬೇಕಾಗುತ್ತದೆ. ಮಗುವನ್ನು ಮಣ್ಣು ಮಾಡಿ ಬಂದ ತಾಯಿ ಕೇಳುವುದು ಒಂದು. ದೇವರು ಸರ್ವಶಕ್ತನೂ ದಯಾಮಯನೂ ಆಗಿರುವ ಪಕ್ಷದಲ್ಲಿ ಆ ಮಗುವಿನ ಸಾವಿನ ದೋಷ ಅವನಿಗೆ ತಟ್ಟದಂತೆ ಸಿದ್ಧಾಂತವನ್ನು ನಿಲ್ಲಿಸುವುದು ಹೇಗೆ ಎಂದು ದಾರ್ಶನಿಕ ಕೇಳುವುದು ಇನ್ನೊಂದು. ಪಂಡಿತರು ಬರೆದಿಟ್ಟ ಉತ್ತರಗಳಲ್ಲಿ ಬಹುಪಾಲು ಎರಡನೆಯ ಪ್ರಶ್ನೆಗೆ ಸೇರಿದವು, ಮತ್ತು ತಮ್ಮ ನೆಲೆಯಲ್ಲಿ ಅವು ಗಟ್ಟಿಯಾದವೇ. ಅವನ್ನೇ ಎತ್ತಿ ತಾಯಿಯ ಮುಂದಿಟ್ಟಾಗ ಮಾತ್ರ ತತ್ತ್ವವು ಕ್ರೌರ್ಯವಾಗಿ ಪರಿಣಮಿಸುತ್ತದೆ. ಈ ಅಪಾಯವನ್ನು ಆಧುನಿಕ ಟೀಕಾಕಾರರು ಹೊಸದಾಗಿ ಕಂಡುಹಿಡಿದರೆಂದು ತಿಳಿಯಲು ಕಾರಣವಿಲ್ಲ, ಏಕೆಂದರೆ ಧರ್ಮಗಳ ಮೂಲಗ್ರಂಥಗಳೇ ಅದನ್ನು ಅರಿತಿದ್ದವು, ಕೆಲವೆಡೆ ಅದರ ವಿರುದ್ಧ ಎಚ್ಚರಿಕೆಯನ್ನೂ ಕೊಟ್ಟಿದ್ದವು.

ಭಾರತೀಯ ಚಿಂತನೆಯಲ್ಲಿ ಈ ಚರ್ಚೆ ಶಾಸ್ತ್ರದ ರೂಪ ಪಡೆದದ್ದು ಬಾದರಾಯಣರ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ. ಅಲ್ಲಿ ಜಗತ್ಕಾರಣನಾದ ಈಶ್ವರನ ಮೇಲೆ ಎರಡು ಆರೋಪಗಳನ್ನು ಹೊರಿಸಲಾಗುತ್ತದೆ. ಒಂದು ವೈಷಮ್ಯ, ಅಂದರೆ ಒಬ್ಬನಿಗೆ ಸುಖವನ್ನೂ ಮತ್ತೊಬ್ಬನಿಗೆ ದುಃಖವನ್ನೂ ಹಂಚುವ ಪಕ್ಷಪಾತ. ಇನ್ನೊಂದು ನೈರ್ಘೃಣ್ಯ, ಅಂದರೆ ಪ್ರಾಣಿಗಳನ್ನು ನೋಯಿಸಿ ಕೊನೆಗೆ ಸಂಹರಿಸುವ ನಿರ್ದಯತೆ. ಈಶ್ವರನು ತನ್ನಿಷ್ಟದಂತೆ ಹಂಚುವುದಿಲ್ಲ, ಜೀವರ ಕರ್ಮವನ್ನು ನೋಡಿಕೊಂಡೇ ಹಂಚುತ್ತಾನೆ ಎಂಬುದು ಸೂತ್ರಕಾರರ ಉತ್ತರ. ಇದನ್ನು ವಿವರಿಸುವ ಶಂಕರಾಚಾರ್ಯರು ಈಶ್ವರನನ್ನು ಮಳೆಗೆ ಹೋಲಿಸುತ್ತಾರೆ: ಮಳೆ ಎಲ್ಲ ಹೊಲಕ್ಕೂ ಸಮನಾಗಿ ಬಿದ್ದರೂ ಒಂದು ಕಡೆ ಭತ್ತ, ಮತ್ತೊಂದು ಕಡೆ ಜವೆಗೋಧಿ ಬೆಳೆಯುವುದಕ್ಕೆ ಬೀಜ ಕಾರಣವಾಗುವ ಹಾಗೆ, ಸುಖದುಃಖಗಳ ವ್ಯತ್ಯಾಸಕ್ಕೆ ಜೀವರ ಕರ್ಮವೇ ಕಾರಣ. ಹಾಗಿದ್ದರೆ ಸೃಷ್ಟಿಯ ಮೊದಲ ಗಳಿಗೆಯಲ್ಲಿ, ಇನ್ನೂ ಯಾರೂ ಯಾವ ಕರ್ಮವನ್ನೂ ಮಾಡಿರದಿದ್ದಾಗ, ವ್ಯತ್ಯಾಸ ಎಲ್ಲಿಂದ ಬಂತು ಎಂಬ ಮರುಪ್ರಶ್ನೆಯನ್ನು ಮುಂದಿನ ಸೂತ್ರವೇ ಎತ್ತಿ, ಸಂಸಾರ ಅನಾದಿ, ಅದಕ್ಕೆ ಮೊದಲ ಗಳಿಗೆಯೆಂಬುದೇ ಇಲ್ಲ ಎಂದು ಉತ್ತರಿಸುತ್ತದೆ. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ ಎಂಬ ಬೀಜಾಂಕುರ ನ್ಯಾಯ ಇದಕ್ಕೆ ಆಧಾರ.

ವಾದವಾಗಿ ನೋಡಿದರೆ ಇದರಲ್ಲಿ ಬಿರುಕು ಹುಡುಕುವುದು ಸುಲಭವಲ್ಲ. ಹುಟ್ಟಿಗೆ ಮೊದಲು ಕೂಡಿಟ್ಟ ಸಂಚಿತ, ಅದರಲ್ಲಿ ಈ ಜನ್ಮದಲ್ಲಿ ಫಲ ಕೊಡಲು ತೊಡಗಿರುವ ಪ್ರಾರಬ್ಧ, ಈಗ ಮಾಡುತ್ತ ಮುಂದಕ್ಕೆ ಸೇರಿಸಿಕೊಳ್ಳುತ್ತಿರುವ ಆಗಾಮಿ ಎಂದು ಕರ್ಮವನ್ನು ಮೂರಾಗಿ ವಿಂಗಡಿಸುವುದರಿಂದ, ಕಣ್ಣಿಗೆ ಕಾಣುವ ಯಾವ ಅನ್ಯಾಯವನ್ನಾದರೂ ಕಾಣದ ಲೆಕ್ಕದೊಳಗೆ ಹೊಂದಿಸಬಹುದು. ಆದರೆ ಈ ಭದ್ರತೆಗೆ ತೆತ್ತ ಬೆಲೆಯೂ ಸಣ್ಣದಲ್ಲ. ಎಲ್ಲ ದುಃಖಕ್ಕೂ ಹಿಂದಿನ ಕರ್ಮವೇ ಕಾರಣ, ಆ ಹಿಂದಿನದಕ್ಕೆ ಮೊದಲಿಲ್ಲ ಎಂದಮೇಲೆ ನಿರಪರಾಧಿ ಎಂಬ ವರ್ಗವೇ ಲೋಕದಿಂದ ಅಳಿಸಿಹೋಗುತ್ತದೆ. ದೇವರನ್ನು ಆರೋಪಿಯ ಸ್ಥಾನದಿಂದ ಬಿಡಿಸಿದ ಅದೇ ವಾದ ತೊಟ್ಟಿಲ ಕೂಸನ್ನು ಅಲ್ಲಿ ತಂದು ನಿಲ್ಲಿಸುತ್ತದೆ.

ಸೂತ್ರದ ಈ ನಿಲುವನ್ನು ವೇದಾಂತದ ಆಚಾರ್ಯರು ಒಪ್ಪಿದರೂ ಅದನ್ನು ಬೆಳೆಸಿದ ದಿಕ್ಕುಗಳು ಬೇರೆ. ಶಂಕರರಿಗೆ ದುಃಖದ ಸಮಸ್ಯೆ ವ್ಯವಹಾರದ ನೆಲೆಯಲ್ಲಷ್ಟೇ ಉಳಿಯುತ್ತದೆ, ಆತ್ಮಜ್ಞಾನದ ನೆಲೆಯಲ್ಲಿ ನೋಯುವವನು ಎಂಬ ಭಾವನೆಯೇ ಅಧ್ಯಾಸ, ಅಂದರೆ ಒಂದರ ಮೇಲೆ ಇನ್ನೊಂದನ್ನು ಹೊರಿಸಿಕೊಂಡ ತಪ್ಪು ತಿಳಿವಳಿಕೆ. ಉಡುಪಿಯಲ್ಲಿ ನೆಲೆನಿಂತ ಮಧ್ವಾಚಾರ್ಯರಿಗೆ ಇಂಥ ಬಿಡುಗಡೆಯ ದಾರಿ ಇಲ್ಲ, ಏಕೆಂದರೆ ಅವರ ತತ್ತ್ವವಾದದಲ್ಲಿ ಜೀವ, ಜಗತ್ತು, ದುಃಖ ಎಲ್ಲವೂ ಸತ್ಯ, ಕರ್ಮವೂ ಸ್ವತಂತ್ರನಾದ ಹರಿಗೆ ಅಧೀನ. ಆದ್ದರಿಂದ ಅವರು ಕರ್ಮದ ಹಿಂದೆ ಇನ್ನೂ ಒಂದು ಹೆಜ್ಜೆ ಹೋಗಿ, ಪ್ರತಿ ಜೀವನಿಗೂ ದೇವರು ಉಂಟುಮಾಡದ ಅನಾದಿಯಾದ ಸ್ವಭಾವಯೋಗ್ಯತೆ ಇದೆಯೆಂದು, ಅದು ಜೀವಜೀವಕ್ಕೂ ಬೇರೆಯೆಂದು ಹೇಳುತ್ತಾರೆ. ತಾರತಮ್ಯವೆಂದು ಹೆಸರಾದ ಈ ತತ್ತ್ವ ತರ್ಕದಲ್ಲಿ ಪ್ರಾಮಾಣಿಕವಾದದ್ದು, ಅದರ ಕಠಿಣ ಪರಿಣಾಮವನ್ನು ಮರೆಮಾಚಲು ಮಧ್ವರು ಹೋಗಲಿಲ್ಲ; ಆದರೆ ಎಂದೆಂದಿಗೂ ತಮಸ್ಸಿಗೇ, ಅಂದರೆ ಬಿಡುಗಡೆಯಿಲ್ಲದ ಕತ್ತಲ ನರಕಕ್ಕೇ, ಯೋಗ್ಯರಾದ ಜೀವರಿದ್ದಾರೆ ಎಂಬಲ್ಲಿಗೆ ಅದು ಬಂದು ಮುಟ್ಟುತ್ತದೆ. ಶ್ರೀವೈಷ್ಣವರಲ್ಲಿ ಚರ್ಚೆ ದೇವರ ನ್ಯಾಯದಿಂದ ದೇವರ ದಯೆಯ ಕಡೆಗೆ ಹೊರಳಿತು. ದಯೆ ಎಂದರೆ ಪರದುಃಖದುಃಖಿತ್ವ, ಅಂದರೆ ಇನ್ನೊಬ್ಬರ ನೋವಿಗೆ ತಾನೂ ನೋಯುವುದು, ಎಂಬುದು ತೆಂಗಲೆಯವರ ಪಕ್ಷ. ಪರಿಪೂರ್ಣನಾದ ಭಗವಂತನಿಗೆ ದುಃಖವನ್ನು ಹೇಳುವಂತಿಲ್ಲ, ದಯೆ ಎಂದರೆ ಪರದುಃಖವನ್ನು ನಿವಾರಿಸುವ ಇಚ್ಛೆ ಎಂಬುದು ವಡಗಲೆಯವರ ಪಕ್ಷ. ನಾಮದ ಆಕಾರದ ಜಗಳವಾಗಿ ಮಾತ್ರ ಹೊರಗಿನವರಿಗೆ ಪರಿಚಯವಾಗಿರುವ ಈ ಎರಡು ಪಂಗಡಗಳ ನಡುವೆ ಇಷ್ಟು ಸೂಕ್ಷ್ಮವಾದ ಪ್ರಶ್ನೆಯೂ ಇತ್ತೆಂಬುದು ಮರೆತುಹೋಗಿದೆ.

ಶಾಸ್ತ್ರ ಮುಚ್ಚಿದ ಬಾಗಿಲನ್ನು ಮಹಾಭಾರತ ಮತ್ತೆ ತೆರೆಯುತ್ತದೆ. ಆದಿಪರ್ವದಲ್ಲಿ ಬರುವ ಮಾಂಡವ್ಯ ಮೌನವ್ರತದಲ್ಲಿದ್ದ ಋಷಿ. ಕಳ್ಳರು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಅಡಗಿಸಿಟ್ಟಾಗ, ಬೆನ್ನಟ್ಟಿ ಬಂದ ರಾಜಭಟರ ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ. ಅವನನ್ನೂ ಕಳ್ಳನೆಂದೇ ಬಗೆದು ಶೂಲಕ್ಕೇರಿಸಿದರು. ತಪೋಬಲದಿಂದ ಜೀವ ಉಳಿಯಿತು, ರಾಜ ಕಾಲಿಗೆ ಬಿದ್ದು ಕ್ಷಮೆ ಬೇಡಿದ, ಆದರೆ ಶೂಲವನ್ನು ಹೊರಗೆಳೆಯಲಾಗದೆ ಕತ್ತರಿಸಬೇಕಾಗಿ ಬಂದು ಅದರ ಅಣಿ, ಅಂದರೆ ಮೊನೆ, ದೇಹದಲ್ಲೇ ಉಳಿಯಿತು, ಅವನಿಗೆ ಅಣಿಮಾಂಡವ್ಯನೆಂದೇ ಹೆಸರಾಯಿತು. ಅವನು ಧರ್ಮದೇವತೆಯ ಆಸ್ಥಾನಕ್ಕೆ ಹೋಗಿ ತನ್ನ ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಕೇಳಿದಾಗ, ಬಾಲ್ಯದಲ್ಲಿ ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿ ಆಡಿದ್ದಕ್ಕೆ ಎಂಬ ಉತ್ತರ ಸಿಗುತ್ತದೆ. ಕರ್ಮದ ಲೆಕ್ಕ ಇಲ್ಲಿ ಚುಕ್ತಾ ಆಗಿದೆ, ಕಾರಣ ತಿಳಿದಿದೆ, ವಿಧೇಯನಾದ ಋಷಿಯಾಗಿದ್ದರೆ ತಲೆಬಾಗಿ ಹೊರಟುಬಿಡಬೇಕಿತ್ತು. ಮಾಂಡವ್ಯ ಹಾಗೆ ಮಾಡುವುದಿಲ್ಲ. ಅಲ್ಪ ಅಪರಾಧಕ್ಕೆ ಇಷ್ಟು ದೊಡ್ಡ ದಂಡ ವಿಧಿಸಿದ ಧರ್ಮನಿಗೇ ಶೂದ್ರಯೋನಿಯಲ್ಲಿ ಹುಟ್ಟೆಂದು ಶಾಪ ಕೊಡುತ್ತಾನೆ, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವೆನಿಸುವುದಿಲ್ಲ ಎಂಬ ಹೊಸ ಮರ್ಯಾದೆಯನ್ನೂ ಲೋಕದಲ್ಲಿ ನಿಲ್ಲಿಸುತ್ತಾನೆ. ಆ ಶಾಪದಿಂದ ಹುಟ್ಟಿದವನು ವಿದುರ. ಒಂದು ಜಾತಿಯ ಹುಟ್ಟನ್ನೇ ಶಿಕ್ಷೆಯೆಂದು ಎಣಿಸುವ ಈ ಶಾಪ ಎಷ್ಟು ನ್ಯಾಯ ಎಂಬ ಪ್ರಶ್ನೆಯನ್ನು ಕಥೆ ಕೇಳಿಕೊಳ್ಳುವುದಿಲ್ಲ, ಅದು ಅದರ ಕಾಲದ ಮಿತಿ. ಆದರೂ ನೋಯುವವನಿಗೆ ಕಾರಣವನ್ನು ತಿಳಿಸಿದ ಮಾತ್ರಕ್ಕೆ ನ್ಯಾಯ ಮುಗಿಯುವುದಿಲ್ಲ, ಕಾರಣ ಹೇಳುವ ಅಧಿಕಾರಿಯೂ ಪ್ರಶ್ನೆಗೆ ಒಳಪಟ್ಟವನೇ ಎಂಬ ನಿಲುವನ್ನು ಇಷ್ಟು ನೇರವಾಗಿ ಇಟ್ಟ ಇನ್ನೊಂದು ಪುರಾಣಕಥೆ ಸಿಗುವುದು ಅಪರೂಪ.

ವನಪರ್ವದ ದ್ರೌಪದಿ ಇನ್ನೂ ಮುಂದೆ ಹೋಗಿ, ಧರ್ಮವನ್ನು ಬಿಡದ ಗಂಡಂದಿರು ಕಾಡು ಪಾಲಾಗಿ ಅಧರ್ಮಿಗಳು ಸಿಂಹಾಸನದಲ್ಲಿ ಕುಳಿತಿರುವುದನ್ನು ತೋರಿಸಿ, ಸೃಷ್ಟಿಕರ್ತನು ಪ್ರಾಣಿಗಳನ್ನು ಗೊಂಬೆಗಳಂತೆ ಆಡಿಸುತ್ತಾನೆಂದು ದೂರುತ್ತಾಳೆ. ಯುಧಿಷ್ಠಿರನು ಅದನ್ನು ನಾಸ್ತಿಕರ ಮಾತೆಂದು ಕರೆದರೂ, ಅವನು ಕೊಡುವ ಉತ್ತರದಲ್ಲಿ ಅವಳ ಹಿಂದಿನ ಜನ್ಮದ ಪಾಪವನ್ನು ಕೆದಕುವ ಪ್ರಯತ್ನವಿಲ್ಲ. ಫಲಕ್ಕಾಗಿ ಧರ್ಮ ಮಾಡುವವನು ಧರ್ಮವಾಣಿಜ್ಯಕ, ಅಂದರೆ ಧರ್ಮದ ವ್ಯಾಪಾರಿ, ತಾನು ಅಂಥವನಲ್ಲ ಎಂಬುದಷ್ಟೇ ಅವನ ಮಾತಿನ ತಿರುಳು.

ಸೃಷ್ಟಿಕರ್ತನನ್ನೇ ಒಪ್ಪದ ಜೈನ ದರ್ಶನಕ್ಕೆ ದೇವರನ್ನು ಸಮರ್ಥಿಸುವ ಹೊರೆ ಇಲ್ಲ. ಅಲ್ಲಿ ಕರ್ಮವೆಂದರೆ ಜೀವಕ್ಕೆ ಅಂಟಿಕೊಳ್ಳುವ ಸೂಕ್ಷ್ಮ ಪುದ್ಗಲ, ಅಂದರೆ ಜಡದ್ರವ್ಯ. ಅದರ ಎಂಟು ಬಗೆಗಳಲ್ಲಿ ಸುಖದುಃಖಗಳ ಅನುಭವಕ್ಕೆ ಕಾರಣವಾದದ್ದನ್ನು ವೇದನೀಯವೆಂದೂ, ಅದರಲ್ಲಿ ದುಃಖ ತರುವ ಭಾಗವನ್ನು ಅಸಾತಾವೇದನೀಯವೆಂದೂ ಕರೆಯುತ್ತಾರೆ. ಶಿಕ್ಷಿಸುವ ಕೈ ಇಲ್ಲದಿದ್ದರೂ ನಿಯಮ ಎಷ್ಟು ಬಿಗಿಯೆಂಬುದನ್ನು ಕನ್ನಡದ ಓದುಗರು ಬಲ್ಲದ್ದು ಜನ್ನನ ಯಶೋಧರಚರಿತೆಯಿಂದ. ಹೊಯ್ಸಳರ ಕಾಲದ ಈ ಕವಿ 1209ರಲ್ಲಿ ಮುಗಿಸಿದ ಆ ಕಾವ್ಯದಲ್ಲಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು, ಆದರೂ ಕೊಲ್ಲುವ ಸಂಕಲ್ಪ ಇತ್ತೆಂಬ ಕಾರಣಕ್ಕೆ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿ ಮತ್ತೆ ಮತ್ತೆ ಕೊಲೆಗೆ ಈಡಾಗುತ್ತಾರೆ. ಹೆಂಡತಿಯಿಂದ ವಂಚಿತನಾಗಿ, ತಾಯಿಯ ಒತ್ತಾಯಕ್ಕೆ ಮಣಿದು, ಕೊನೆಗೆ ವಿಷಕ್ಕೆ ಬಲಿಯಾದ ಯಶೋಧರನ ಮೇಲೆ ಓದುಗರಿಗೆ ಹುಟ್ಟುವ ಕನಿಕರವೂ ಸಿದ್ಧಾಂತದ ಬಿಗಿಯೂ ಈ ಕಾವ್ಯದಲ್ಲಿ ಪೂರ್ತಿಯಾಗಿ ಹೊಂದಿಕೊಳ್ಳುವುದಿಲ್ಲ, ಜನ್ನನ ಕಾವ್ಯಶಕ್ತಿ ಇರುವುದೂ ಆ ಹೊಂದದ ಜಾಗದಲ್ಲೇ. ಸಿದ್ಧಾಂತದ ಇನ್ನೊಂದು ಮುಖ ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿದೆ. ಪರರಿಗೆ ದುಃಖ, ಶೋಕ, ಸಂತಾಪ ಉಂಟುಮಾಡುವುದೇ ಅಸಾತಾವೇದನೀಯ ಕರ್ಮ ಹರಿದುಬರುವ ದಾರಿ, ಪ್ರಾಣಿಗಳ ಮೇಲಿನ ಅನುಕಂಪೆ, ದಾನ, ಕ್ಷಮೆ ಇವು ಸಾತಾವೇದನೀಯದ ದಾರಿ ಎಂದು ಅದು ಹೇಳುವುದರಿಂದ, ನರಳುವವನನ್ನು ಕಂಡು ಅವನ ಕರ್ಮವೆಂದು ಸುಮ್ಮನೆ ದಾಟಿಹೋಗಲು ಜೈನನಿಗೆ ಶಾಸ್ತ್ರದ ಬೆಂಬಲ ಸಿಗುವುದಿಲ್ಲ.

ಎಲ್ಲ ನೋವಿಗೂ ಪೂರ್ವಕರ್ಮವೇ ಕಾರಣ ಎಂಬ ವಾದವನ್ನು ಬುದ್ಧ ಒಪ್ಪಲಿಲ್ಲವೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪಾಲಿ ಸಂಯುತ್ತನಿಕಾಯದಲ್ಲಿ ಮೋಲಿಯ ಸೀವಕನೆಂಬ ಪರಿವ್ರಾಜಕ ಇದೇ ಪ್ರಶ್ನೆಯನ್ನು ಕೇಳಿದಾಗ, ಬುದ್ಧನು ವೇದನೆಗೆ ಎಂಟು ಕಾರಣಗಳನ್ನು ಹೇಳುತ್ತಾನೆ: ಪಿತ್ತ, ಕಫ, ವಾತ, ಇವುಗಳ ಸನ್ನಿಪಾತ, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಂದ ಆಘಾತ, ಮತ್ತು ಎಂಟನೆಯದಾಗಿ ಕರ್ಮವಿಪಾಕ. ಎಂಟರಲ್ಲಿ ಒಂದು ಮಾತ್ರ ಕರ್ಮಕ್ಕೆ ಸೇರಿದ್ದು. ಎಲ್ಲವನ್ನೂ ಪೂರ್ವಕರ್ಮಕ್ಕೇ ಕಟ್ಟುವವರು ಅನುಭವಕ್ಕೂ ಲೋಕದ ತಿಳಿವಳಿಕೆಗೂ ವಿರುದ್ಧವಾಗಿ ಮಾತಾಡುತ್ತಾರೆಂದು ಅವನು ಸೇರಿಸುತ್ತಾನೆ. ವಿನಯಪಿಟಕದ ಮಹಾವಗ್ಗದಲ್ಲಿ ಅತಿಸಾರದಿಂದ ತನ್ನ ಮಲದಲ್ಲೇ ಬಿದ್ದಿದ್ದ, ಜೊತೆಯವರು ಯಾರೂ ನೋಡದೆ ಬಿಟ್ಟಿದ್ದ ಭಿಕ್ಷುವೊಬ್ಬನನ್ನು ಶಿಷ್ಯ ಆನಂದನ ಜೊತೆ ಸೇರಿ ತೊಳೆದು ಮಲಗಿಸಿದ ಬುದ್ಧ, ತನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದು ಸಂಘಕ್ಕೆ ಹೇಳಿದ ಪ್ರಸಂಗವಿದೆ. ಅಲ್ಲಿ ಆ ಭಿಕ್ಷುವಿನ ಪೂರ್ವಜನ್ಮದ ವಿಚಾರಣೆ ನಡೆಯುವುದಿಲ್ಲ. ಈ ಎಳೆಯನ್ನು ಹಿಡಿದು ಅತ್ಯಂತ ಕಟುವಾದ ತೀರ್ಮಾನಕ್ಕೆ ಬಂದವರು ಅಂಬೇಡ್ಕರ್. ಅವರ ನಿಧನಾನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ, ಪೂರ್ವಜನ್ಮದ ಕರ್ಮವೆಂಬ ವಾದಕ್ಕೆ ಇರುವ ಒಂದೇ ಉದ್ದೇಶ ಬಡವರ ಮತ್ತು ಕೆಳಗಿಟ್ಟವರ ಸ್ಥಿತಿಯ ಹೊಣೆಯಿಂದ ರಾಜ್ಯವನ್ನೂ ಸಮಾಜವನ್ನೂ ಪಾರುಮಾಡುವುದು ಎಂಬ ಅರ್ಥದಲ್ಲಿ ಅವರು ಬರೆದರು. ಕರ್ಮವಾದಿಗಳಲ್ಲಿ ಎಲ್ಲರ ಉದ್ದೇಶವೂ ಅದೇ ಆಗಿತ್ತೆಂದು ಹೇಳುವುದು ಕಷ್ಟ, ಪರಿಣಾಮ ಮಾತ್ರ ಅದೇ ಆಯಿತೆಂಬುದಕ್ಕೆ ಅಸ್ಪೃಶ್ಯತೆಯ ಇತಿಹಾಸವೇ ಸಾಕ್ಷಿ.

ಪುನರ್ಜನ್ಮವನ್ನು ಒಪ್ಪದ ಯೆಹೂದ್ಯ ಧರ್ಮಗ್ರಂಥದಲ್ಲಿ ಲೆಕ್ಕವನ್ನು ಹಿಂದಿನ ಜನ್ಮಕ್ಕೆ ತಳ್ಳುವ ಅವಕಾಶವೇ ಇರಲಿಲ್ಲ. ಅದಕ್ಕೇ ಯೋಬನ ಗ್ರಂಥದಲ್ಲಿ ಪ್ರಶ್ನೆ ಅಷ್ಟು ಬೆತ್ತಲಾಗಿ ನಿಂತಿದೆ. ಯೋಬ ನಿರ್ದೋಷಿಯೆಂದು ಕಥೆ ಮೊದಲೇ ಸಾರಿಬಿಡುತ್ತದೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಕುಳಿತ ಅವನ ಬಳಿಗೆ ಬಂದ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು, ಪಾಪವಿಲ್ಲದೆ ಶಿಕ್ಷೆಯಿಲ್ಲ, ಆದ್ದರಿಂದ ನೀನು ಪಾಪ ಮಾಡಿದ್ದೀಯೆ ಎಂದು ದೇವರ ಪರವಾಗಿ ವಾದಿಸುತ್ತಾರೆ. ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ತನ್ನನ್ನು ಸಮರ್ಥಿಸಿದ ಆ ವಕೀಲರ ಮೇಲೆ, ಮೆಚ್ಚುವುದು ತನ್ನ ಮೇಲೆ ಮೊಕದ್ದಮೆ ಹೂಡಿದಂತೆ ಮಾತಾಡಿದ ಯೋಬನನ್ನು. ತಾಲ್ಮುದ್ ಎಂಬ ರಬ್ಬಿಗಳ ಸಂವಾದಸಂಗ್ರಹದಲ್ಲಿ, ದೇವರು ಪ್ರೀತಿಸುವವರಿಗೇ ನೋವು ಕೊಡುತ್ತಾನೆ, ಅದಕ್ಕೆ ಪ್ರತಿಫಲವಿದೆ ಎಂಬ ತತ್ತ್ವದ ಚರ್ಚೆಯ ಬೆನ್ನಿಗೇ, ಹತ್ತು ಗಂಡುಮಕ್ಕಳನ್ನು ಕಳೆದುಕೊಂಡ ರಬ್ಬಿ ಯೋಹಾನನ್ ಕಾಯಿಲೆ ಮಲಗಿದ ಪ್ರಸಂಗ ಬರುತ್ತದೆ. ಈ ನೋವು ನಿಮಗೆ ಪ್ರಿಯವೇ ಎಂದು ನೋಡಲು ಬಂದ ರಬ್ಬಿ ಕೇಳಿದಾಗ, ನೋವೂ ಬೇಡ ಅದರ ಪ್ರತಿಫಲವೂ ಬೇಡ ಎಂಬುದು ಅವರ ಉತ್ತರ; ಬಂದವರು ಮುಂದೆ ವಾದ ಬೆಳೆಸದೆ ಕೈ ಹಿಡಿದು ಎಬ್ಬಿಸುತ್ತಾರೆ.

ಕ್ರೈಸ್ತ ಸುವಾರ್ತೆಗಳಲ್ಲಿಯೂ ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ ಯೇಸು ಎರಡನ್ನೂ ನಿರಾಕರಿಸುತ್ತಾನೆ, ಸಿಲೋವದ ಗೋಪುರ ಕುಸಿದು ಸತ್ತ ಹದಿನೆಂಟು ಜನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ತಿಳಿಯಬೇಡಿ ಎನ್ನುತ್ತಾನೆ. ಹೀಗಿದ್ದೂ 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರ ಭೂಕಂಪಕ್ಕೆ ನೆಲಸಮವಾಗಿ ಚರ್ಚುಗಳಲ್ಲಿ ನೆರೆದಿದ್ದ ಭಕ್ತರೇ ಸತ್ತಾಗ, ಅದನ್ನು ದೈವಶಿಕ್ಷೆಯೆಂದು ಸಾರಿದ ಪಾದ್ರಿಗಳಿಗೆ ಕೊರತೆಯಿರಲಿಲ್ಲ.

ನೋವು ಶಿಕ್ಷೆಯಲ್ಲ, ಪರೀಕ್ಷೆ ಎಂಬ ಇನ್ನೊಂದು ಉತ್ತರ ಬಹುತೇಕ ಎಲ್ಲ ಧರ್ಮಗಳಲ್ಲೂ ಇದೆ. ಕನ್ನಡದಲ್ಲಿ ರಾಘವಾಂಕನ ಹರಿಶ್ಚಂದ್ರಕಾವ್ಯ ಅದರ ಮಹಾಕೃತಿ. ಈ ಉತ್ತರ ನೋಯುವವನ ಮರ್ಯಾದೆಯನ್ನು ಕಾಪಾಡುತ್ತದೆ, ಅವನನ್ನು ಪಾಪಿಯೆನ್ನುವ ಬದಲು ಧೀರನೆನ್ನುತ್ತದೆ. ಆದರೆ ಪರೀಕ್ಷೆ ಹರಿಶ್ಚಂದ್ರನದಾದರೆ ಹಾವು ಕಚ್ಚಿ ಸತ್ತದ್ದು ಅವನ ಮಗ ಲೋಹಿತಾಶ್ವ, ಪರೀಕ್ಷೆ ಯೋಬನದಾದರೆ ಮನೆ ಕುಸಿದು ಸತ್ತದ್ದು ಅವನ ಮಕ್ಕಳು. ಲೋಹಿತಾಶ್ವ ಕೊನೆಗೆ ಬದುಕಿ ಬರುತ್ತಾನೆ. ಕುರ್‌ಆನ್‌ನಲ್ಲಿ ಅಯ್ಯೂಬ್ ಎಂದು ಕರೆಯಲಾಗುವ ಇದೇ ಯೋಬನಿಗೆ ಅವನ ಕುಟುಂಬವನ್ನೂ ಅದರೊಂದಿಗೆ ಅಷ್ಟೇ ಮಂದಿಯನ್ನೂ ಮರಳಿ ಕೊಡಲಾಯಿತು. ಹೀಬ್ರೂ ಕಥೆಯಲ್ಲಾದರೋ ಯೋಬನಿಗೆ ಏಳು ಗಂಡು, ಮೂರು ಹೆಣ್ಣು ಹೊಸದಾಗಿ ಹುಟ್ಟುತ್ತಾರೆ, ಸತ್ತ ಹತ್ತು ಮಂದಿಯ ಮಾತು ಮತ್ತೆ ಬರುವುದಿಲ್ಲ. ಮಕ್ಕಳ ನೋವಿಗೆ ಪರಲೋಕದಲ್ಲಿ ಪರಿಹಾರ ಕೊಡುವುದು ದೇವರ ನ್ಯಾಯಕ್ಕೆ ಅಗತ್ಯವೆಂದು ಇಸ್ಲಾಮಿನ ಮುತಜಿಲಾ ಪಂಥದ ತಾರ್ಕಿಕರು ವಾದಿಸಿದರೆ, ಹತ್ತನೆಯ ಶತಮಾನದ ಅಲ್ ಅಶ್‌ಅರಿಯ ಅನುಯಾಯಿಗಳು ಮನುಷ್ಯರ ನ್ಯಾಯದ ಅಳತೆಗೋಲು ದೇವರಿಗೆ ಅನ್ವಯಿಸುವುದೇ ಇಲ್ಲ ಎಂದು ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿದರು.

ಗ್ರಂಥಗಳಾಚೆಯ ಜನಪದ ಧರ್ಮ ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿದದ್ದನ್ನು ಗಮನಿಸದೆ ಇರಲಾಗದು. ಸಿಡುಬು ಎದ್ದವರನ್ನು ಕನ್ನಡನಾಡಿನ ಹಳ್ಳಿಗಳಲ್ಲಿ ಅಮ್ಮ ಬಂದವರೆಂದು ಕರೆದು, ಬೇವಿನ ಸೊಪ್ಪಿನ ನಡುವೆ ಮಲಗಿಸಿ, ದೇವಿಯೇ ಮೈಮೇಲೆ ನೆಲೆಸಿದ್ದಾಳೆಂಬ ಭಯಭಕ್ತಿಯಿಂದ ನೋಡಿಕೊಳ್ಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಲ್ಲಿ ಪ್ಲೇಗಮ್ಮನ ಗುಡಿಗಳೂ ಎದ್ದವು. ದೇವಿಯ ಮುನಿಸಿಗೆ ಊರಿಗೆ ಊರೇ ಹೊಣೆ, ಶಾಂತಿ ಮಾಡಬೇಕಾದ್ದೂ ಊರೇ. ಹಾಸಿಗೆ ಹಿಡಿದ ಮಗುವಿನ ಪಾಪ ಯಾವುದೆಂದು ಆ ಧರ್ಮ ಕೇಳಲಿಲ್ಲ. ವೈದ್ಯವಾಗಿ ಇದು ನಿಷ್ಪ್ರಯೋಜಕವಾಗಿತ್ತು, ರೋಗಿಯನ್ನು ಅಪರಾಧಿಯಾಗಿಸದ ಮಟ್ಟಿಗೆ ಪಂಡಿತರ ಧರ್ಮಕ್ಕಿಂತ ಮೃದುವಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆ ಭಾರತದ ಸಾರ್ವಜನಿಕ ಜೀವನದ ನಡುಮನೆಗೆ ಬಂದದ್ದು 1934ರಲ್ಲಿ. ಜನವರಿ 15ರ ಮಧ್ಯಾಹ್ನ ಉತ್ತರ ಬಿಹಾರ ಮತ್ತು ನೇಪಾಳವನ್ನು ನಡುಗಿಸಿದ ಭೂಕಂಪದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು, ಮುಂಗೇರ್, ಮುಜಫ್ಫರ್‌ಪುರ ಪಟ್ಟಣಗಳು ಅವಶೇಷಗಳಾದವು. ಗಾಂಧಿ ಆಗ ಅಸ್ಪೃಶ್ಯತಾ ನಿವಾರಣೆಗಾಗಿ ದೇಶ ಸುತ್ತುತ್ತಿದ್ದರು. ಆ ಪ್ರವಾಸ ಮೈಸೂರು ಸೀಮೆ, ಮಂಗಳೂರು, ಉಡುಪಿ, ಶಿರಸಿಗಳನ್ನೂ ಮುಟ್ಟಿತು. ಜನವರಿ 24ರಂದು ತಿರುನೆಲ್ವೇಲಿಯಲ್ಲಿ ಮಾತಾಡಿದ ಅವರು, ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕಳುಹಿಸಿದ ಶಿಕ್ಷೆ ಈ ಭೂಕಂಪವೆಂದು ತಾವು ನಂಬುವುದಾಗಿ ಹೇಳಿದರು. ಅಸ್ಪೃಶ್ಯತೆಯ ವಿರುದ್ಧ ಗಾಂಧಿಯ ಜೊತೆಗೇ ನಿಂತಿದ್ದ ರವೀಂದ್ರನಾಥ ಟಾಗೋರರಿಗೆ ಈ ಮಾತು ಆಘಾತ ತಂದಿತು. ಭೌತಿಕ ಘಟನೆಗೆ ಭೌತಿಕ ಕಾರಣಗಳೇ ಇರುತ್ತವೆ, ನೀತಿಯ ನಿಯಮವನ್ನು ಪ್ರಕೃತಿಯ ಉತ್ಪಾತಕ್ಕೆ ಗಂಟುಹಾಕಿದರೆ ಇಷ್ಟು ವಿವೇಚನೆಯಿಲ್ಲದೆ ದಂಡಿಸುವ ವಿಧಾತನಿಗಿಂತ ಮನುಷ್ಯನೇ ನೀತಿವಂತನೆಂದು ಒಪ್ಪಬೇಕಾಗುತ್ತದೆ, ಮೇಲಾಗಿ ಇದೇ ವಾದವನ್ನು ತಿರುಗಿಸಿ ಈ ಭೂಕಂಪ ಗಾಂಧಿಯ ಸುಧಾರಣೆಗೆ ಬಂದ ಶಿಕ್ಷೆಯೆಂದು ಸನಾತನಿಗಳೂ ಹೇಳಬಹುದು ಎಂಬುದು ಅವರ ಆಕ್ಷೇಪ. ಆ ಆಕ್ಷೇಪವನ್ನು ಗಾಂಧಿ ತಮ್ಮ ‘ಹರಿಜನ’ ಪತ್ರಿಕೆಯ ಫೆಬ್ರವರಿ 16ರ ಸಂಚಿಕೆಯಲ್ಲಿ ಪ್ರಕಟಿಸಿ, ಜೊತೆಗೇ ಉತ್ತರವನ್ನೂ ಬರೆದರು. ಜಡಕ್ಕೂ ಚೇತನಕ್ಕೂ ಬಿಡಿಸಲಾಗದ ನಂಟಿದೆಯೆಂಬುದು ತಮ್ಮ ಶ್ರದ್ಧೆ, ಅದು ತಮ್ಮನ್ನು ವಿನಯಕ್ಕೂ ಪಶ್ಚಾತ್ತಾಪಕ್ಕೂ ಒಯ್ಯುತ್ತದೆ, ಆದರೆ ಅದೇ ನಂಬಿಕೆಯನ್ನು ಎದುರಾಳಿಗಳನ್ನು ಹೊಡೆಯುವ ಕೋಲಾಗಿ ಬಳಸಿದರೆ ಅದು ವಿನಾಶಕಾರಿ ಮೂಢನಂಬಿಕೆಯಾಗುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ.

ಈ ಷರತ್ತು ಇಡೀ ಚರ್ಚೆಯ ಬೆಲೆಬಾಳುವ ಮಾತು. ತನ್ನ ನೋವಿನಲ್ಲಿ ತನ್ನ ತಪ್ಪನ್ನು ಹುಡುಕಿಕೊಳ್ಳುವವನಿಗೆ ಆ ಸ್ವಾತಂತ್ರ್ಯ ಇರಬೇಕು. ಪ್ರಾರಬ್ಧವೆಂದು ಒಪ್ಪಿಕೊಂಡು ಎದ್ದು ನಿಂತವರು, ಪರೀಕ್ಷೆಯೆಂದು ಸಹಿಸಿ ಗೆದ್ದವರು ಎಲ್ಲ ಧರ್ಮಗಳಲ್ಲೂ ಇದ್ದಾರೆ, ಅವರಿಂದ ಆ ಆಧಾರವನ್ನು ಕಸಿದುಕೊಳ್ಳುವ ಹಕ್ಕು ಯಾವ ವಿಚಾರವಾದಿಗೂ ಇಲ್ಲ. ಇನ್ನೊಬ್ಬರ ನೋವಿಗೆ ಅದೇ ತೀರ್ಪನ್ನು ಓದುವಾಗ ಮಾತ್ರ ಗಾಂಧಿಯ ಷರತ್ತು ಮುರಿಯುತ್ತದೆ. ತಿರುನೆಲ್ವೇಲಿಯ ಸಭೆಯಲ್ಲಿ ಕುಳಿತವರು ಪಶ್ಚಾತ್ತಾಪ ಪಡಲೆಂದು ಹೇಳಿದ ಆ ಮಾತಿನಲ್ಲಿ ದೃಷ್ಟಾಂತವಾಗಿ ಬಳಕೆಯಾದದ್ದು ಮುಂಗೇರಿನ ಹೆಣಗಳು, ಆ ಹೆಣಗಳಲ್ಲಿ ಅಸ್ಪೃಶ್ಯರದೂ ಅವರ ಮಕ್ಕಳದೂ ಇದ್ದವು. ಅವರು ಯಾರ ಪಾಪಕ್ಕೆ ಸತ್ತರು ಎಂಬುದಕ್ಕೆ ಗಾಂಧಿಯ ಲೇಖನದಲ್ಲಿ ಒಪ್ಪತಕ್ಕ ಉತ್ತರವಿಲ್ಲ, ಆದ್ದರಿಂದ ಗಾಂಧಿಯ ಅಳತೆಗೋಲಿನಿಂದಲೇ ಅಳೆದರೂ ಈ ವಿವಾದದಲ್ಲಿ ಟಾಗೋರರ ಪಕ್ಷವೇ ನಿಲ್ಲುತ್ತದೆ.